ಹಸಿ ಬಣ್ಣದ ಮೇಲೆ ಕುಂಕುಮ

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ನೇಲ್ ಕಟರಿಗೂ ಕುಂಕುಮ ಬೀಳುತ್ತದೆ. ಉತ್ಪ್ರೇಕ್ಷೆಯಲ್ಲ, ಕಣ್ಣಾರೆ ಕಂಡದ್ದು. ಬೆಳಗ್ಗೆ ಸ್ನಾನ ಮುಗಿಸಿ ಮಾವ ಹಾಲ್‌ನಲ್ಲಿ ಹಳೆಯ ಪಂಚೆಯೊಂದನ್ನು ಹಾಸಿ, ಮನೆಯಲ್ಲಿರುವ ಕಬ್ಬಿಣ ಸ್ಟೀಲುಗಳನ್ನೆಲ್ಲ ಅದರ ಮೇಲೆ ಮೆರವಣಿಗೆಗೆ ನಿಲ್ಲಿಸುತ್ತಾರೆ. ಈಳಿಗೆಮಣೆ, ಮಿಕ್ಸಿ, ಸುತ್ತಿಗೆ, ಕಾಫಿ ಫಿಲ್ಟರು, ಕೂಲರಿನಿಂದ ಬಿಚ್ಚಿಟ್ಟ ಪಂಪು, ಅತ್ತೆಯ ಹೊಲಿಗೆ ಯಂತ್ರ, ನನ್ನ ಗಂಡನ ಆಫೀಸಿನ ಲ್ಯಾಪ್‌ಟಾಪು. ಕೆಳಗೆ ಮೆಟ್ಟಿಲ ಪಕ್ಕದಲ್ಲಿ ವರ್ಷಗಳಿಂದ ಸ್ಟಾರ್ಟೇ ಆಗದೆ ನಿಂತ ಸ್ಕೂಟರಿಗಂತೂ ಮದುವಣಗಿತ್ತಿಯ ಅಲಂಕಾರ. ಕೊನೆಗೆ, ಏನಾದರೂ ಬಿಟ್ಟುಹೋಯಿತೇ ಎಂದು ಸುತ್ತ ನೋಡಿ, ಟಿವಿಯ ಪಕ್ಕದ ಬಟ್ಟಲಿನಿಂದ ಆ ನೇಲ್ ಕಟರನ್ನು ತೆಗೆದು ಅದಕ್ಕೂ ಒಂದು ಚುಕ್ಕೆ ಇಡುತ್ತಾರೆ.

ನನ್ನ ಕಂಪ್ಯೂಟರಿಗೆ ಮಾತ್ರ ಇಡುತ್ತಿರಲಿಲ್ಲ. ಅದು ಅದೇ ಹಾಲ್‌ನ ಕಿಟಕಿಯ ಮೂಲೆಯಲ್ಲಿ, ಅವರ ಕಣ್ಣೆದುರಿಗೇ ಇರುತ್ತಿತ್ತು. ತಟ್ಟೆ ಹಿಡಿದು ಅದರ ಮುಂದೆಯೇ ಹಾದು ಹೋಗುತ್ತಿದ್ದರು.

ನಾನು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವವಳು. ಪ್ರಕಾಶಕರು ಇರುವುದು ಕರ್ನಾಟಕದಲ್ಲಿ, ನಾನಿರುವುದು ದೆಹಲಿಯ ಆರ್.ಕೆ.ಪುರಂನಲ್ಲಿ, ಗಂಡನಿಗೆ ಅಲಾಟ್ ಆದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ. ಮಾವ ಕೂಡ ಇದೇ ಊರಿನ ಮಂತ್ರಾಲಯವೊಂದರಲ್ಲಿ ಕಡತ ಹೊರಳಿಸಿ ನಿವೃತ್ತರಾದವರು. ಅವರ ಕಾಲದಲ್ಲಿ ಕೀಲಿಮಣೆ ಕುಟ್ಟುತ್ತಿದ್ದವರು ಅವರ ಕೈಕೆಳಗಿನವರು. ಹಾಗಾಗಿ ನಾನು ಏನು ಮಾಡಿದರೂ ಅವರ ಪಾಲಿಗೆ ಅದು 'ಟೈಪಿಂಗು'. "ನಮ್ಮ ಸೊಸೆ ಮನೇಲೇ ಇರ್ತಾಳೆ, ಏನೋ ಟೈಪಿಂಗ್ ಮಾಡ್ಕೋತಾಳೆ, ಟೈಮ್ ಪಾಸು," ಎಂದು ಬಂದವರಿಗೆಲ್ಲ ನಗುನಗುತ್ತ ಹೇಳುತ್ತಿದ್ದರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾದ ಮೊದಲ ವರ್ಷ ನಾನೇ ಬಾಯಿಬಿಟ್ಟು ಕೇಳಿದ್ದೆ, "ಮಾವ, ಇದಕ್ಕೂ ಒಂದು ಹೂವು?"

"ಅದು ಆಯುಧ ಅಲ್ಲಮ್ಮಾ," ಎಂದರು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಕೆಲಸ ಮಾಡೋ ಸಾಮಾನಿಗೆ ಮಾತ್ರ ಪೂಜೆ."

ನೇಲ್ ಕಟರು ಕೆಲಸ ಮಾಡುತ್ತದೆ, ನಾನು ಮಾಡುವುದಿಲ್ಲ. ಸರಿ. ಆಮೇಲೆ ನಾನು ಕೇಳಲಿಲ್ಲ. ನೀನೇ ಒಂದು ಬೊಟ್ಟು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಗೆಳತಿಯೊಬ್ಬಳು ಅಂದಿದ್ದಳು. ಇಡಬಹುದಿತ್ತು. ಆದರೆ ನನಗೆ ಬೇಕಿದ್ದದ್ದು ಕುಂಕುಮವಲ್ಲ. ಆ ಮನುಷ್ಯ ತನ್ನ ಕೈಯಿಂದ ಅದನ್ನು ಇಡಬೇಕಿತ್ತು.

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಪೂಜೆಯಾದ ಆಯುಧವನ್ನು ಆ ದಿನ ಮುಟ್ಟಬಾರದು ಎಂಬುದು ಮನೆಯ ಕಟ್ಟುನಿಟ್ಟು. ಗಂಡ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದರೆ ಸಾಕು, "ಏ, ಇವತ್ತು ಮುಟ್ಟಬಾರದು ಕಣೋ, ಅದಕ್ಕೂ ರಜ," ಎಂದು ಗದರುತ್ತಾರೆ. ಅಡುಗೆಮನೆಯ ಸಾಮಾನಿಗೆ ಈ ಭಾಗ್ಯವಿಲ್ಲ. ಕುಂಕುಮ ಒಣಗುವ ಮೊದಲೇ ಮಿಕ್ಸಿ ಚಟ್ನಿ ರುಬ್ಬುತ್ತಿರುತ್ತದೆ, ಫಿಲ್ಟರು ಕಾಫಿ ಇಳಿಸುತ್ತಿರುತ್ತದೆ. ಇನ್ನು ನಾನು. ಹಬ್ಬದಡುಗೆ ಮುಗಿಸಿ, ಪ್ರಕಾಶಕರ ಅವಸರಕ್ಕೆ ಮೂಲೆಯಲ್ಲಿ ಕೂತು ಪುಟ ಕಟ್ಟುತ್ತಿದ್ದರೆ ಒಮ್ಮೆಯಾದರೂ, "ಇವತ್ತು ಬೇಡಮ್ಮಾ," ಅನ್ನಲಿಲ್ಲ. ಅವರು ಬೈದದ್ದೆಲ್ಲ ಮರೆತೇನು, ಹೀಗೆ ತಡೆಯದೆ ಇದ್ದದ್ದನ್ನು ಮಾತ್ರ ಮರೆಯಲಾರೆ.

ನನ್ನ ಕ್ಯಾಬಿನೆಟ್ಟು, ಅಂದರೆ ಕಂಪ್ಯೂಟರಿನ ಯಂತ್ರವೆಲ್ಲ ಒಳಗಿರುವ ಆ ಡಬ್ಬ, ನೋಡಲು ಲಕ್ಷಣವಾಗಿರಲಿಲ್ಲ ಎಂಬುದು ನಿಜ. ಸಣ್ಣದು, ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ನೆಲ ಒರೆಸಿದ ನೀರು ತಾಗಿ ತಾಗಿ ತಳಕ್ಕೆ ತುಕ್ಕು ಹಿಡಿದಿತ್ತು, ಮುಂದಿನ ಪ್ಲಾಸ್ಟಿಕ್ಕು ಹಳದಿಗಟ್ಟಿತ್ತು, ಫ್ಯಾನು ಹಳೆಯ ಗಿರಣಿಯಂತೆ ಗೊರಗುಟ್ಟುತ್ತಿತ್ತು. ಮಾವ ನ್ಯೂಸ್ ನೋಡುವಾಗ ಅದರ ಸದ್ದು ಅಡ್ಡ ಬರುತ್ತದಂತೆ. "ಆ ಡಬ್ಬಾನ ಕಬಾಡಿಯವನಿಗೆ ಹಾಕು," ಎಂಬುದು ದಿನನಿತ್ಯದ ಮಂತ್ರವಾಗಿತ್ತು. ಕಬಾಡಿ ಅಂದರೆ ಈ ಊರಿನ ಭಾಷೆಯಲ್ಲಿ ಗುಜರಿ. ಗಂಡನಿಗೆ ಹೇಳಿದರೆ ಎಮ್ಮೆಯ ಮೇಲೆ ಮಳೆ ಹುಯ್ದ ಹಾಗೆ. "ಅಪ್ಪಾಜಿ ಸ್ವಭಾವ ಗೊತ್ತಲ್ಲ, ಅಡ್ಜಸ್ಟ್ ಮಾಡ್ಕೋ," ಎನ್ನುತ್ತಿದ್ದ.

ಒಂದು ದಿನ ತರಕಾರಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೇನೆ, ನಮ್ಮ ಬಾಗಿಲ ಮುಂದೆ ಕಬಾಡಿ ಭಯ್ಯಾ ಕೂತಿದ್ದಾನೆ. ಅವನ ಮುಂದೆ ಹಳೆಯ ಪೇಪರಿನ ಕಟ್ಟು, ಒಡೆದ ಬಕೆಟ್ಟು, ಅದರ ಪಕ್ಕದಲ್ಲಿ ವೈರುಗಳು ಜೋತುಬಿದ್ದ ನನ್ನ ಕ್ಯಾಬಿನೆಟ್ಟು. ಅದರೊಳಗೆ ನಾನು ಪುಟ ಕಟ್ಟುತ್ತಿದ್ದ ಒಂದು ಇಡೀ ಪುಸ್ತಕವಿತ್ತು. ಮಾವ ಬಾಗಿಲಿಗೆ ಒರಗಿಕೊಂಡು ನಿಂತಿದ್ದರು.

"ಇದೇನು ಮಾವ?"

"ಹಬ್ಬ ಬರ್ತಿದೆಯಲ್ಲಮ್ಮಾ, ಮನೆ ಕ್ಲೀನ್ ಮಾಡಿಸ್ತಿದೀನಿ."

"ಇದು ನನ್ನ ಕೆಲಸದ್ದು."

"ಅಯ್ಯೋ, ಟೈಪಿಂಗ್ ತಾನೇ? ಮೊಬೈಲಲ್ಲೂ ಆಗುತ್ತಂತಲ್ಲ."

ನನ್ನ ಬಾಯಿಂದ ಆಗ ಏನೇನು ಬಂತೋ ನೆನಪಿಲ್ಲ. ಎದುರುಮನೆಯ ಬಾಗಿಲು ತೆರೆಯಿತು, ಕಬಾಡಿ ಭಯ್ಯಾ ಡಬ್ಬವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದ, ಚೀಲದಿಂದ ಟೊಮೆಟೊ ಉರುಳಿ ಕೆಳಗಿನ ಮಹಡಿಯವರೆಗೂ ಹೋದವು. ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ಅವುಚಿಕೊಂಡು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ಹೊರಗೆ ಮಾವ, "ಇಷ್ಟಕ್ಕೆಲ್ಲಾ ಇಷ್ಟೊಂದಾ!" ಎನ್ನುತ್ತಿದ್ದರು. ಅತ್ತೆ ಟೊಮೆಟೊ ಆರಿಸಲು ಕೆಳಗೆ ಇಳಿದರು.

ಅವತ್ತೇ ತೀರ್ಮಾನ ಮಾಡಿದೆ. ಇದನ್ನು ಕಬಾಡಿ ಅನ್ನಲು ಯಾರಿಗೂ ನಾಲಿಗೆ ಏಳದ ಹಾಗೆ ಮಾಡುತ್ತೇನೆ. ಹೊಸದನ್ನು ಕೊಂಡರೆ ಅವರು ಗೆದ್ದ ಹಾಗೆ. ಇದನ್ನೇ, ಇದೇ ಡಬ್ಬವನ್ನೇ, ಆಯುಧಪೂಜೆಯ ದಿನ ಅದೇ ಮೂಲೆಗೆ ತಂದು ಕೂರಿಸುತ್ತೇನೆ. ಆಗ ತಟ್ಟೆ ಹಿಡಿದು ಹೇಗೆ ದಾಟಿಕೊಂಡು ಹೋಗುತ್ತಾರೋ ನೋಡುತ್ತೇನೆ.

ಮೊದಲು ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿದೆ. ಮದರ್‌ಬೋರ್ಡು, ಪವರ್ ಸಪ್ಲೈ, ಹಾರ್ಡ್ ಡಿಸ್ಕು ಎಲ್ಲವನ್ನೂ ಊಟದ ಮರದ ಮಣೆಯ ಮೇಲೆ ಹರಡಿ ಜೋಡಿಸಿ, ಕೋಣೆಯಲ್ಲಿ ಮಂಚದ ಪಕ್ಕ ಇಟ್ಟುಕೊಂಡೆ. ಮಾನಿಟರು, ಕೀಲಿಮಣೆಯೂ ಅಲ್ಲಿಗೇ ಬಂದವು. ಕೆಲಸ ನಿಲ್ಲಿಸುವಂತಿರಲಿಲ್ಲ. ಸ್ವಿಚ್ಚು ಕ್ಯಾಬಿನೆಟ್ಟಿನಲ್ಲೇ ಉಳಿದಿದ್ದರಿಂದ, ಪ್ರತಿ ಸಲವೂ ಬೋರ್ಡಿನ ಎರಡು ಪುಟ್ಟ ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ ಅದನ್ನು ಎಬ್ಬಿಸಬೇಕಾಗುತ್ತಿತ್ತು. ಅತ್ತೆ ಒಮ್ಮೆ ಇಣುಕಿ ನೋಡಿ, "ಅಯ್ಯೋ ರಾಮಾ, ಕರುಳೆಲ್ಲ ಆಚೆ ಬಂದಿದೆ," ಎಂದರು. ಮಾವನಿಗೆ ಹೇಳಬೇಡಿ ಎಂದೆ. ಅವರು ಹೇಳಲಿಲ್ಲ.

ಬರಿದಾದ ಡಬ್ಬವನ್ನು ಛತ್ತಿಗೆ, ಅಂದರೆ ತಾರಸಿಗೆ ಸಾಗಿಸಿ ನೀರಿನ ಟ್ಯಾಂಕುಗಳ ಹಿಂದೆ ಇಟ್ಟೆ. ಮಾವನಿಗೆ ಮಂಡಿನೋವು, ಉಬ್ಬಸ ಬೇರೆ, ಛತ್ತು ಹತ್ತುವುದಿಲ್ಲ. ಹಾಲ್‌ನ ಮೂಲೆ ಖಾಲಿಯಾದದ್ದು ನೋಡಿ, ಕೊನೆಗೂ ನಾನೇ ಸದ್ದಿಲ್ಲದೆ ಅದನ್ನು ಕಬಾಡಿಗೆ ಹಾಕಿದೆ ಎಂದುಕೊಂಡರು. ರಾತ್ರಿ ಊಟಕ್ಕೆ ಕೂತಾಗ, "ಈಗ ನೋಡು, ಹಾಲ್ ಎಷ್ಟು ವಿಶಾಲವಾಗಿದೆ," ಎಂದರು. ನಾನು ಅನ್ನ ಬಡಿಸಿದೆ.

ಪಕ್ಕದ ಮುನಿರ್ಕಾದ ಹಾರ್ಡ್‌ವೇರ್ ಅಂಗಡಿಯಲ್ಲಿ ತಗಡು ಕತ್ತರಿ, ಅರ, ಉಪ್ಪುಕಾಗದ, ತೂತುತೂತಿನ ಜಾಲರಿ ತಗಡು ಕೇಳಿದರೆ ಭಯ್ಯಾ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. "ಮೇಡಮ್, ಭಾಯಿಸಾಬ್ ಕೋ ಭೇಜ್ ದೀಜಿಯೇ," ಎಂದ, ನಿಮ್ಮ ಯಜಮಾನರನ್ನೇ ಕಳಿಸಿ ಅಂತ. ಭಾಯಿಸಾಬ್ ಬಂದರೆ ಕತ್ತರಿಯನ್ನು ತಲೆಕೆಳಗು ಹಿಡಿದಾರು ಎಂದು ಹಿಂದಿಯಲ್ಲಿ ಹೇಳುವಷ್ಟು ತಾಳ್ಮೆ ಇರಲಿಲ್ಲ. ಬಣ್ಣ ಕೇಳಿದಾಗ, ಹೂವಿನ ಕುಂಡಕ್ಕೋ ಎಂದು ವಿಚಾರಿಸಿದ. ಗಂಡಸರಿಗೆ ಅದೇನು ಚಾಳಿಯೋ. ಅವನು 'ಮೆಹಂದಿ ಗ್ರೀನ್' ಎನ್ನುವ ಕಡುಹಸಿರಿನ ಸ್ಪ್ರೇ ಡಬ್ಬಿಗಳನ್ನು ಕಟ್ಟಿಸಿಕೊಂಡು ಬಂದೆ.

ಮಧ್ಯಾಹ್ನ ಮಾವ ಮಲಗಿದ ಮೇಲೆ ಛತ್ತಿನಲ್ಲಿ ನನ್ನ ಕೆಲಸ. ಹಳದಿಗಟ್ಟಿದ ಪ್ಲಾಸ್ಟಿಕ್ ಮುಖವನ್ನು ಕಿತ್ತೆಸೆದೆ. ಯಾರೂ ಬಳಸದ, ಸಿಡಿ ಹಾಕುವ ಬಾಯಿಯೂ ಅದರ ಜೊತೆಗೇ ಹೋಯಿತು. ಆ ಜಾಗಕ್ಕೆ ಜಾಲರಿ ತಗಡನ್ನು ಅಳತೆಗೆ ಕತ್ತರಿಸಿ, ಸ್ಕ್ರೂ ಹಾಕಿ ಕೂರಿಸಿದೆ. ಹಿಂದುಗಡೆ ಫ್ಯಾನಿನ ಮುಂದೆ ಅಡ್ಡಾದಿಡ್ಡಿ ಇದ್ದ ಕಂಬಿಗಳನ್ನು ಕತ್ತರಿಸಿ ತೆಗೆದು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ಹೆಬ್ಬೆರಳು ಕೊಯ್ದುಕೊಂಡೆ. ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟನ್ನು ತುಂಡುಮಾಡಿ ಫ್ಯಾನಿನ ಮೂಲೆಗಳಿಗೆ ಮೆತ್ತೆ ಕೊಟ್ಟೆ, ಗೊರಗುಟ್ಟುವುದು ಅಲ್ಲಿಗೆ ನಿಲ್ಲಬೇಕಿತ್ತು. ಆಮೇಲೆ ಉಪ್ಪುಕಾಗದ ಹಿಡಿದು ತುಕ್ಕು ಉಜ್ಜತೊಡಗಿದೆ. ಒಂದೊಂದು ಉಜ್ಜಿಗೂ ಮನಸ್ಸಿನಲ್ಲಿ ಒಂದೊಂದು ಮಾತು ಹೇಳುತ್ತಿದ್ದೆ. ಟೈಪಿಂಗಂತೆ. ಟೈಮ್ ಪಾಸಂತೆ. ಮೊಬೈಲಲ್ಲೂ ಆಗುತ್ತಂತೆ. ಕೆಲಸ ಬಹಳ ಚೆನ್ನಾಗಿ ಸಾಗಿತು.

ಬಣ್ಣ ಹೊಡೆಯುವುದೇ ಕಷ್ಟವಾಯಿತು. ದಸರೆಯ ಹೊತ್ತಿಗೆ ಈ ಊರಿನ ಗಾಳಿಯಲ್ಲಿ ಧೂಳು ಏಳುತ್ತದೆ, ಅದು ಸಾಲದೆಂದು ಪಾರಿವಾಳಗಳ ದಂಡು. ಬಣ್ಣಕ್ಕೆ ಮೊದಲು ಹೊಡೆದ ಪ್ರೈಮರಿನ ಮೇಲೆ ಒಂದು ಪಾರಿವಾಳ ನಡೆದು ಹೋದದ್ದರಿಂದ ಪೂರ್ತಿ ಉಜ್ಜಿ ಮತ್ತೆ ಹೊಡೆದೆ. ಹಬ್ಬದ ಮುನ್ನಾದಿನ ಕೊನೆಯ ಕೈ. ಅವಸರದಲ್ಲಿ ದಪ್ಪವಾಗಿ ಹೊಡೆದುಬಿಟ್ಟೆ. ಡಬ್ಬಿಯ ಮೇಲೆ ಬರೆದೇ ಇತ್ತು, ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಕೆಲವು ದಿನ ಮುಟ್ಟಬೇಡಿ ಎಂದು. ಆದರೆ ಸಂಜೆಯ ಬೆಳಕಿನಲ್ಲಿ ಅದು ಹೊಳೆದ ರೀತಿಗೆ ನನಗೇ ನಂಬಿಕೆ ಬರಲಿಲ್ಲ. ಎಂಥ ಚೆಲುವು! ನನ್ನ ಕೈಯಲ್ಲಿ ಹುಟ್ಟಿದ್ದು ಎಂದು ಗಟ್ಟಿಯಾಗಿ ಕೂಗಬೇಕೆನಿಸಿತು. ಮಾವ ಪಾರ್ಕಿಗೆ ವಾಕಿಂಗ್ ಹೋದ ಹೊತ್ತು ನೋಡಿ, ಕೆಳಗೆ ತಂದು ಹಾಲ್‌ನ ಅದೇ ಮೂಲೆಯಲ್ಲಿ ಸ್ಟೂಲಿನ ಮೇಲಿಟ್ಟು, ರಟ್ಟಿನ ಪೆಟ್ಟಿಗೆಯೊಂದನ್ನು ಅದರ ಮೇಲೆ ಬೋರಲು ಹಾಕಿದೆ. ಬೆಳಗ್ಗೆ ಪೂಜೆಗೆ ಮೊದಲು ನಾನೇ ಪೆಟ್ಟಿಗೆ ಎತ್ತಬೇಕು, ಅವರ ಮುಖ ನೋಡಬೇಕು ಎಂಬುದು ನನ್ನ ಲೆಕ್ಕಾಚಾರ.

ಬೆಳಗ್ಗೆ ನಾನು ವಡೆಯ ಹಿಟ್ಟಿನಲ್ಲಿ ಕೈಯಿಟ್ಟುಕೊಂಡಿದ್ದೆ. ಹಾಲ್‌ನಿಂದ ಗಂಟೆಯ ಸದ್ದು ಕೇಳಿಸಿತು. ಇಷ್ಟು ಬೇಗ ಶುರುವಾಯಿತೇ ಎಂದು ಹಿಟ್ಟಿನ ಕೈಯಲ್ಲೇ ಓಡಿ ಬಂದೆ.

ರಟ್ಟಿನ ಪೆಟ್ಟಿಗೆ ಬದಿಗಿತ್ತು. ನನ್ನ ಹಸಿರು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಅಂಗೈಯಗಲ ಗಂಧ, ಅದರ ನಡುವೆ ಹೆಬ್ಬೆರಳಿನಿಂದ ಒತ್ತಿದ ಕುಂಕುಮ, ಸುತ್ತ ಅಕ್ಷತೆ, ನೆತ್ತಿಯ ಮುಂದಂಚಿನಲ್ಲಿ ತಳವೂರಿದ ದೊಡ್ಡದೊಂದು ಚೆಂಡುಹೂ. ಆ ಸಾಲಿನಲ್ಲಿ ಅಷ್ಟು ದೊಡ್ಡ ಹೂವು ಯಾವುದಕ್ಕೂ ಇರಲಿಲ್ಲ, ಲ್ಯಾಪ್‌ಟಾಪಿಗೂ ಇರಲಿಲ್ಲ. ಮಾವ ಅದರ ಮುಂದೆ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು.

ನನಗೆ ಎರಡೂ ಒಟ್ಟಿಗೆ ಬಂದವು. ಅಯ್ಯೋ ನನ್ನ ಬಣ್ಣ, ಇನ್ನೂ ಹಸಿ, ಹಾಳಾಯಿತಲ್ಲ ಎಂದು ಸಿಟ್ಟು. ಜೊತೆಗೇ ಸಂತೋಷ. ಇಟ್ಟರು. ಕೊನೆಗೂ ಇಟ್ಟರು. ಹಾಳಾದರೆ ಹಾಳಾಗಲಿ ಎನ್ನಿಸಿತು. ಆ ಒಂದು ಗಳಿಗೆ ನಾನು ಆ ಮನುಷ್ಯನನ್ನು ಕ್ಷಮಿಸಿಬಿಟ್ಟಿದ್ದೆ ಎಂದು ಹೇಳಲು ಈಗ ಸಿಟ್ಟು ಬರುತ್ತದೆ.

ಮಾವ ಕಣ್ಣು ಬಿಟ್ಟು ದೀರ್ಘವಾಗಿ ಉಸಿರೆಳೆದುಕೊಂಡರು. "ಬಾಮ್ಮಾ, ನೋಡಿಲ್ಲಿ. ನನ್ನ ಮಗ ಬಾಯಲ್ಲಿ ಹೇಳೋಲ್ಲ, ಮಾಡಿ ತೋರಿಸ್ತಾನೆ. ಸರ್‌ಪ್ರೈಸ್ ಅಂತ ಮುಚ್ಚಿಟ್ಟಿದ್ದ. ಕೇಳಿ ಕೇಳಿ ನನಗೂ ಸಾಕಾಗಿತ್ತು."

"ಏನು ಮಾವ?"

"ಏರ್ ಪ್ಯೂರಿಫೈಯರು! ಇನ್ನೇನು ಚಳಿಗಾಲದ ಹೊಗೆ ಶುರುವಾಗುತ್ತಲ್ಲ. ನೋಡು, ಜಾಲರಿ ಎಷ್ಟು ನೀಟಾಗಿದೆ. ಇನ್ನೂ ಆನ್ ಮಾಡಿಲ್ಲ, ಆಗಲೇ ಉಸಿರು ಹಗುರಾಗಿದೆ. ಹೊಸ ಸಾಮಾನಿನ ವಾಸನೇನೇ ಬೇರೆ."

ಖಾಲಿ ಡಬ್ಬದ ಮುಂದೆ ಕೂತು ನನ್ನ ಬಣ್ಣದ ಘಾಟನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದರು. ಉಬ್ಬಸದ ಮನುಷ್ಯ. ಅದನ್ನು ಕಂಡು ನಗು ಬರಬೇಕಿತ್ತು, ಬರಲಿಲ್ಲ. ಸ್ನಾನ ಮುಗಿಸಿ ತಲೆ ಒರೆಸುತ್ತ ಬಂದ ಗಂಡ ಒಮ್ಮೆ ಡಬ್ಬ ನೋಡಿದ, ಒಮ್ಮೆ ನನ್ನ ನೋಡಿದ. ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ.

"ಅದು ನನ್ನ ಕಂಪ್ಯೂಟರು ಮಾವ," ಎಂದೆ. "ನೀವು ಕಬಾಡಿಗೆ ಹಾಕೋಕೆ ಹೊರಟಿದ್ರಲ್ಲ, ಅದೇ. ನಾನೇ ಕತ್ತರಿಸಿ, ನಾನೇ ಬಣ್ಣ ಹೊಡೆದೆ."

"ಯಾವುದು... ಆ ಟೈಪಿಂಗ್ ಡಬ್ಬಾನಾ?"

ಅವರ ಮುಖ ಇಳಿಯಿತು. ಏನಾದರೂ ಅನ್ನುತ್ತಾರೆ, ಪರವಾಗಿಲ್ಲ ಕಣಮ್ಮಾ ಎಂದರೂ ಸಾಕು ಎಂದು ನಿಂತೇ ಇದ್ದೆ. ಮಾವ ಎದ್ದರು. ಬಗ್ಗಿ ಆ ಚೆಂಡುಹೂವನ್ನು ಎತ್ತಿದರು. ಎತ್ತಿ ಮಗನ ಲ್ಯಾಪ್‌ಟಾಪಿನ ಮೇಲೆ ಇಟ್ಟರು.

ಪೂರ್ತಿ ಹೂವು ಅವರ ಕೈಗೆ ಬರಲಿಲ್ಲ. ಕೆಳಗಿನ ದಳಗಳು ಹಸಿ ಬಣ್ಣಕ್ಕೆ ಕಚ್ಚಿಕೊಂಡು ಅಲ್ಲೇ ಉಳಿದವು. ಅದನ್ನು ಕಂಡು ಅವರಿಗೆ ಇನ್ನಷ್ಟು ಮುಜುಗರವಾಯಿತೋ ಏನೋ, ಹೆಗಲ ಮೇಲಿನ ಟವೆಲಿನ ತುದಿಯಿಂದ ಕುಂಕುಮವನ್ನು ಒರೆಸಲು ಹೋದರು. ಟವೆಲು ಹಸಿರಾಯಿತು. ಕುಂಕುಮ ಅಲುಗಲಿಲ್ಲ, ಅಕ್ಷತೆಯ ಕಾಳುಗಳೂ ಅಲುಗಲಿಲ್ಲ. ಇನ್ನೂ ಜೋರಾಗಿ ಉಜ್ಜಿದರು.

"ಏನ್ರೀ ಅದು!" ಅಡುಗೆಮನೆಯ ಬಾಗಿಲಲ್ಲಿ ಅತ್ತೆ. ಅವರು ಗಂಡನ ಮೇಲೆ ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಹಬ್ಬದ ದಿನ ಹಚ್ಚಿದ ಕುಂಕುಮ ಯಾರಾದ್ರೂ ಅಳಿಸ್ತಾರೇನ್ರೀ? ಬಿಡಿ, ಕೈ ತೆಗೀರಿ!"

ಮಾವ ಕೈ ತೆಗೆದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮ ಮನೆಯ ಪೂಜಾರಿ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವವನು. ನಾನು ಒಳಗೆ ಹೋಗಿ ಕೈ ತೊಳೆದುಕೊಂಡೆ, ಅತ್ತೆ ಉಳಿದ ವಡೆ ಕರಿದರು. ನಾನು ಊಟ ಮಾಡಲಿಲ್ಲ. ಗಂಡ ಕೋಣೆಗೆ ಬಂದು, "ಅಪ್ಪಾಜಿಗೆ ಗೊತ್ತಾಗಲಿಲ್ಲ ಕಣೇ," ಎಂದ. "ಗೊತ್ತಾಯ್ತಲ್ಲ, ಆಮೇಲೇನೇ ಹೂವು ತೆಗೆದದ್ದು," ಎಂದೆ.

ಹಬ್ಬ ಕಳೆದ ಮೇಲೆ ಉಪ್ಪುಕಾಗದ ಹಿಡಿದು ಅದರ ಮುಂದೆ ಕೂತೆ. ಉಜ್ಜಿ ತೆಗೆದು ಇನ್ನೊಂದು ಕೈ ಬಣ್ಣ ಹೊಡೆದರೆ ಮೊದಲಿನಂತಾಗುತ್ತಿತ್ತು. ನಾನು ಎಷ್ಟು ಚೆನ್ನಾಗಿ ಮಾಡಿದ್ದೆನೆಂದರೆ ಅದು ನನ್ನದೆಂದು ಗುರುತೇ ಸಿಗಲಿಲ್ಲ, ಅದಕ್ಕೇ ಪೂಜೆ ಸಿಕ್ಕಿತ್ತು. ನನ್ನದೆಂದು ಗೊತ್ತಾದ ಕೂಡಲೇ ಹೋಯಿತು. ಅದನ್ನು ನೆನೆದರೆ ಇಡೀ ಡಬ್ಬವನ್ನೇ ಕಿಟಕಿಯಿಂದ ಎಸೆಯುವಷ್ಟು ರೋಷ ಬರುತ್ತಿತ್ತು. ಆದರೆ ಅವರ ಹೆಬ್ಬೆರಳಿನ ಗೆರೆಗಳು ಸಹಿತ ಆ ಕುಂಕುಮ ಬಣ್ಣದೊಳಗೆ ಕೂತುಬಿಟ್ಟಿತ್ತು. ಅಳಿಸಬೇಕೆಂದವರು ಅವರು. ಅವರಿಗೆ ಬೇಕಾದದ್ದನ್ನು ನಾನೇಕೆ ಮಾಡಿಕೊಡಲಿ? ಉಪ್ಪುಕಾಗದ ಮಡಿಸಿ ಒಳಗಿಟ್ಟೆ. ಬಣ್ಣ ಪೂರ್ತಿ ಒಣಗಿದ ಮೇಲೆ ಮಣೆಯ ಮೇಲಿದ್ದ ಕರುಳನ್ನೆಲ್ಲ ಅದರ ಹೊಟ್ಟೆಗೆ ತುಂಬಿ, ಹಾಲ್‌ನ ಮೂಲೆಯಲ್ಲಿ ಅವರ ಕುರ್ಚಿಗೆ ಎದುರಾಗಿ ಕೂರಿಸಿದೆ. ಫ್ಯಾನಿನ ಸದ್ದು ಇರಲಿಲ್ಲ. ದೂರಲು ಅವರಿಗೆ ಬೇರೆ ಕಾರಣ ಸಿಗಲಿಲ್ಲ.

ಮರುವರ್ಷದ ಹೊತ್ತಿಗೆ ಮನೆಗೆ ನಿಜವಾದ ಪ್ಯೂರಿಫೈಯರು ಬಂದಿತ್ತು. ಆಯುಧಪೂಜೆಯ ದಿನ ದೊಡ್ಡ ಹೂವು ಅದಕ್ಕೆ. ಸ್ಕೂಟರು, ಸುತ್ತಿಗೆ, ಮಿಕ್ಸಿ, ಫಿಲ್ಟರು ಎಲ್ಲ ಮುಗಿಸಿ ಮಾವ ತಟ್ಟೆ ಹಿಡಿದು ನನ್ನ ಮೂಲೆಗೆ ಬಂದರು. ಈ ಸಲ ನಾನು ಅಡುಗೆಮನೆಯಲ್ಲಿರಲಿಲ್ಲ, ಅಲ್ಲೇ ಎದೆಯ ಮೇಲೆ ಕೈಕಟ್ಟಿ ನಿಂತಿದ್ದೆ. ಅವರು ಡಬ್ಬದ ನೆತ್ತಿ ನೋಡಿದರು. ಕುಂಕುಮ ಕಪ್ಪಗಾಗಿತ್ತು, ಅಕ್ಷತೆಯ ಕಾಳುಗಳು ಹಾಗೇ ಇದ್ದವು.

"ಇದಕ್ಕೆ ಇದ್ದೇ ಇದೆಯಲ್ಲ," ಎಂದು ಹೇಳಿ ಮುಂದಕ್ಕೆ ಹೋದರು. ನೇಲ್ ಕಟರಿಗೆ ಹೊಸ ಕುಂಕುಮ ಇಟ್ಟರು.

ನಾನು ಅಲ್ಲೇ ನಿಂತು ಮೊಬೈಲು ತೆಗೆದು ಪ್ರಕಾಶಕರಿಗೆ ಫೋನು ಮಾಡಿದೆ. ಅವತ್ತೇ ಪುಟಗಳು ಹೋಗಬೇಕಿತ್ತು. "ಇವತ್ತು ಆಗೋಲ್ಲ ಸಾರ್, ಆಯುಧಪೂಜೆ. ನನ್ನ ಆಯುಧಕ್ಕೆ ಪೂಜೆ ಆಗಿದೆ, ನಮ್ಮ ಮಾವನವರೇ ಈಗ ತಾನೇ ಹೇಳಿದ್ರು. ಮುಟ್ಟೋ ಹಾಗಿಲ್ಲ." ಎದುರುಮನೆಗೂ ಕೇಳಿಸುವ ಹಾಗೆ ಹೇಳಿದೆ. ಆಮೇಲೆ ಹೋಗಿ ಸೋಫಾದ ಮೇಲೆ, ಟಿವಿಯ ಮುಂದೆ, ಕಾಲು ಮಡಿಸಿ ಕೂತೆ.

ಮಾವ ತಟ್ಟೆ ಕೆಳಗಿಟ್ಟು ಕುರ್ಚಿಗೆ ಬಂದರು. ನಾನು ಏಳುವ ಲಕ್ಷಣ ಕಾಣದಿದ್ದಾಗ, "ಕಾಫಿ ಆಗಿಲ್ಲವೇನಮ್ಮಾ?" ಎಂದರು.

"ಫಿಲ್ಟರಿಗೂ ಹಚ್ಚಿದೀರಲ್ಲ ಮಾವ. ಇವತ್ತು ಅದಕ್ಕೂ ರಜ."

ಅವರು ಹೆಂಡತಿಯ ಕಡೆ ತಿರುಗಿದರು. ಅತ್ತೆ ತಮ್ಮ ಹೊಲಿಗೆ ಯಂತ್ರದ ಪಕ್ಕದಿಂದ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೋಫಾದಲ್ಲಿ ನನ್ನ ಪಕ್ಕ ಕೂತರು. ಸ್ವಲ್ಪ ಸಮಯದ ನಂತರ ಮಾವ ಚಪ್ಪಲಿ ಮೆಟ್ಟಿಕೊಂಡು, ಮಂಡಿನೋವಿನ ಕಾಲೆಳೆಯುತ್ತ, ಕಾಫಿ ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋದರು.